ಹೊನ್ನೂರಮ್ಮ ಮನೆಯಲ್ಲಿ ಅಳಲಿಲ್ಲ

ಕಷ್ಟದಲ್ಲಿರುವವರ ಮುಂದೆ ಕೂತು "ತಾಳ್ಕೋ" ಎನ್ನುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಹೇಳುವವರಿಗೇನು ಹೋಗಬೇಕು? ಹೇಳಿ ಎದ್ದು ಮನೆಗೆ ಹೋಗಿ ಬಿಸಿ ರೊಟ್ಟಿ ತಿನ್ನುತ್ತಾರೆ. ತಾಳಿಕೊಳ್ಳಬೇಕಾದವರು ಅಲ್ಲೇ ಕೂತಿರುತ್ತಾರೆ. ನನ್ನ ಈ ಸಿಡುಕು ಊರಿಗೆಲ್ಲ ಗೊತ್ತಿರುವುದೇ. ಆದರೆ ನಿಜವಾದ ತಾಳ್ಮೆಯನ್ನು ಎಲ್ಲಾದರೂ ಕಂಡಿದ್ದೀಯಾ ಎಂದು ಯಾರಾದರೂ ಕೇಳಿದರೆ ನಾನು ತಣ್ಣಗಾಗುತ್ತೇನೆ, ಯಾಕೆಂದರೆ ಕಂಡಿದ್ದೇನೆ. ಸಿರುಗುಪ್ಪದಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ಆ ಗೋಡೆಯ ಆಚೆ ಇದ್ದವಳು ಪಿಂಜಾರರ ಹೊನ್ನೂರಮ್ಮ.

ಹೆಸರು ಕೇಳಿದರೆ ಆಕೆ ಮುಸಲ್ಮಾನರವಳೆಂದು ಯಾರಿಗೂ ತಿಳಿಯುತ್ತಿರಲಿಲ್ಲ. ನಮ್ಮ ಕಡೆ ಹೊನ್ನೂರು ಸ್ವಾಮಿಗೆ ಹರಕೆ ಹೊತ್ತು ಹುಟ್ಟಿದ ಮಕ್ಕಳಿಗೆ, ಯಾವ ಜಾತಿಯಾದರೂ ಸರಿ, ಅದೇ ಹೆಸರು. ನಮ್ಮ ಲಿಂಗಾಯತರ ಮನೆಗಳಲ್ಲೇ ಇಬ್ಬರು ಹೊನ್ನೂರಮ್ಮಂದಿರಿದ್ದರು. ಮಾತಿನಿಂದಲೂ ತಿಳಿಯುತ್ತಿರಲಿಲ್ಲ. ಪಿಂಜಾರರ ಮನೆಮಾತು ಕನ್ನಡವೇ. ಉರ್ದು ಅವರಿಗೆ ಸಂತೆಯಲ್ಲಿ ಕಿವಿಗೆ ಬಿದ್ದ ನಾಲ್ಕು ಮಾತು ಮಾತ್ರ. ಗಂಡ ಮೌಲಪ್ಪ ಶುಕ್ರವಾರ ಮಸೀದಿಗೆ ಹೋಗುತ್ತಿದ್ದ. ಈಕೆ ಮನೆಯಲ್ಲೇ ನಮಾಜು ಮಾಡುತ್ತಿದ್ದಳು. ದೇವರ ಹತ್ತಿರ ಕೇಳಿಕೊಳ್ಳುವುದೆಲ್ಲ ಕುರುಗೋಡಿನ ಕನ್ನಡದಲ್ಲಿ, ಆಕೆಯ ತವರು ಅದು.

ಅವರ ಕಸುಬು ಮಲಗುವ ಹತ್ತಿಯ ಗಾದಿ ಮಾಡುವುದು. ಮೌಲಪ್ಪ ಆಳೆತ್ತರದ ಬಿಲ್ಲನ್ನು ಹೆಗಲಿಗೆ ಹಾಕಿಕೊಂಡು ಊರೂರು ತಿರುಗುತ್ತಿದ್ದ. ಮದುವೆ ಮನೆಯವರು ಕರೆದಲ್ಲಿ ಕೂತು, ಬಿಲ್ಲಿನ ತಂತಿಗೆ ಕೊಡತಿಯಿಂದ ಹೊಡೆದು, ಗಂಟುಗಂಟಾದ ಹತ್ತಿಯನ್ನು ಹಿಂಜಿ ಹೊಗೆಯ ಹಾಗೆ ಹಗುರ ಮಾಡುತ್ತಿದ್ದ. ಹೊನ್ನೂರಮ್ಮ ಅದನ್ನು ಗವುಸಿನಲ್ಲಿ ತುಂಬಿ ಹೊಲಿಯುತ್ತಿದ್ದಳು. ಆ ತಂತಿಯ ಟಂಯ್ ಟಂಯ್ ಕೇಳುತ್ತಲೇ ನಾನು ಬೆಳೆದೆ. ಗಂಡಹೆಂಡತಿ ಇಬ್ಬರೂ ನಗುವವರು. ಮೌಲಪ್ಪ ಹತ್ತಿ ಮೆತ್ತಿದ ಮೀಸೆಯಲ್ಲಿ ಮನೆಗೆ ಬಂದರೆ "ಮುದುಕ ಯಾರವ್ವ ಬಂದಾನ" ಎಂದು ಆಕೆ ಮಗಳನ್ನು ಕೇಳುತ್ತಿದ್ದಳು. ಮಗಳು ಮಾಬಿ, ಒಬ್ಬಳೇ, ಅಪ್ಪನ ಬಾಲ.

ಎಪ್ಪತ್ತೆರಡರಲ್ಲೋ ಎಪ್ಪತ್ಮೂರರಲ್ಲೋ, ಮಾಬಿ ಎರಡನೇ ಇಯತ್ತೆಯಲ್ಲಿದ್ದಾಗ, ಮೌಲಪ್ಪ ಮೋಕದ ಕಡೆ ಒಂದು ಮದುವೆಯ ಗಾದಿ ಮುಗಿಸಿ ಹಗರಿ ದಾಟುತ್ತಿದ್ದ. ಹಗರಿ ಎಂದರೆ ನಮಗೆ ಹೊಳೆಯಲ್ಲ, ಮರಳು. ವರ್ಷದ ಮುಕ್ಕಾಲು ಪಾಲು ಎತ್ತಿನ ಬಂಡಿ ಅದರ ನಡುವೆಯೇ ಓಡಾಡುತ್ತದೆ. ಅವತ್ತು ಮೇಲೆಲ್ಲೋ ಮಳೆಯಾಗಿ ನೀರು ಒಮ್ಮೆಲೇ ನುಗ್ಗಿತು. ಜೊತೆಯವನು ದಡ ಸೇರಿದ, ಮೌಲಪ್ಪ ಸೇರಲಿಲ್ಲ. ಮರುದಿನ ಅವನನ್ನು ಬಂಡಿಯಲ್ಲಿ ತಂದರು.

ಹೊನ್ನೂರಮ್ಮ ಅಳಲಿಲ್ಲ. ಮೊದಲು ಯಾರೂ ಅದನ್ನು ಗಮನಿಸಲಿಲ್ಲ. ಅಂಥ ಪೆಟ್ಟು ಬಿದ್ದಾಗ ಕೆಲವರು ಹಾಗೆ ಕಲ್ಲಾಗಿಬಿಡುತ್ತಾರೆ. ಮಣ್ಣು ಮುಗಿದ ಮೇಲೆ ಕುರುಗೋಡಿನಿಂದ ಬಂದಿದ್ದ ಅಜ್ಜಿ, ಕೂಗಿ ಕೂಗಿ ಗಂಟಲು ಬಿದ್ದುಹೋಗಿದ್ದ ಮಾಬಿಯನ್ನು ತನ್ನ ಜೊತೆ ಕರೆದುಕೊಂಡು ಹೋದಳು. ಮೂರನೇ ದಿನ, ಜಿಯಾರತ್ತು ಎನ್ನುತ್ತಾರೆ ಅವರು, ಅವತ್ತು ಬಳ್ಳಾರಿಯಿಂದ ಒಬ್ಬರು ವಯಸ್ಸಾದ ಹಜರತ್ತು, ಅವರ ಧರ್ಮಗುರು, ಬಂದರು. ಒಳ್ಳೆಯ ಮನುಷ್ಯ. ಬಾಗಿಲಿಗೆ ಇಳಿಬಿಟ್ಟ ಸೀರೆಯ ಆಚೆ ನಿಂತು, ಒಳಗಿದ್ದ ಈಕೆಗೆ ಉರ್ದುವಿನಲ್ಲಿ ಬಹಳ ಹೊತ್ತು ಸಮಾಧಾನ ಹೇಳಿದರು. ಒಳಗೆ ಆಕೆಯ ಪಕ್ಕದಲ್ಲಿ ನಮ್ಮವ್ವ ಚನ್ನವೀರಮ್ಮ ಕೂತಿದ್ದಳು, ಅವ್ವನ ಪಕ್ಕದಲ್ಲಿ ನಾನು. ಹೊರಡುವಾಗ ಹಜರತ್ತರ ದನಿ ತುಂಬ ಮೆತ್ತಗಾಯಿತು. "ಸಬರ್ ಕರೋ ಬೇಟಿ. ರೋನಾ ಮನಾ ನೈ" ಎಂದರು. ಎರಡು ಸಲ ಹೇಳಿದರು.

ಅದೇ ಹೊತ್ತಿಗೆ ಹೊನ್ನೂರಮ್ಮನ ತುಟಿ ಅದುರುತ್ತಿತ್ತು. ಮೂರು ದಿನದ ಅಳು ಗಂಟಲಿಗೆ ಬಂದು ನಿಂತಿತ್ತು, ನಾನೇ ನೋಡಿದೆ. ಆಕೆ ನಮ್ಮವ್ವನ ಕಡೆ ತಿರುಗಿ, "ಅಕ್ಕಾ, ಏನಂದ್ರು?" ಎಂದಳು.

ಸಬರ್ ಅಂದರೆ ತಾಳಿಕೊಳ್ಳುವುದು, ಅದು ಎಲ್ಲರಿಗೂ ಗೊತ್ತು. ಮುಂದಿನದಕ್ಕೆ ನಮ್ಮವ್ವ ಅಂಗಳದಲ್ಲಿದ್ದ ಎರ್ರಣ್ಣನನ್ನು ಕೂಗಿದಳು. ಎರ್ರಣ್ಣ ಕಾಲುವೆಯ ನೀರುಗಂಟಿ. ತುಂಗಭದ್ರೆಯ ಅಣೆಕಟ್ಟು ಕಟ್ಟುವಾಗ ಹೈದರಾಬಾದಿನ ಮೇಸ್ತ್ರಿಯ ಕೈಕೆಳಗೆ ಮಣ್ಣು ಹೊತ್ತಿದ್ದನಂತೆ, ಅಂದಿನಿಂದ ಉರ್ದು ತನ್ನ ಸ್ವಂತ ಆಸ್ತಿ ಎಂದು ತಿಳಿದಿದ್ದ.

"ರೋನಾ ಅಂದ್ರ ಅಳೋದವ್ವ. ನೈ ಅಂದ್ರ ಇಲ್ಲ, ಕೂಡದು" ಎಂದ.

"ನಡುವೆ ಮನಾ ಅಂದ್ರಲ್ಲ?" ನಮ್ಮವ್ವ ಕೇಳಿದಳು.

ಎರ್ರಣ್ಣ ತಲೆ ಕೆರೆದ. "ತೆಲುಗಿನಾಗ ಮನ ಅಂದ್ರ ನಮ್ದು ಅಂತ."

"ಮನಾ ಅಂದ್ರ ಮನಿ ಇದ್ದಂಗೈತಲ್ಲೋ" ಎಂದಳು ಅವ್ವ.

"ಎರಡೂ ಅದಾವ ಅದ್ರಾಗ" ಎಂದು ಎರ್ರಣ್ಣ ದೊಡ್ಡ ಪಂಡಿತನಂತೆ ತೀರ್ಪು ಕೊಟ್ಟ. "ನಮ್ ಮನ್ಯಾಗ ಅಳೋದು ಕೂಡದು. ಇಷ್ಟ ಅರ್ಥ."

ಅಳುವಿಗೂ ಮನೆಗೂ ಏನು ಸಂಬಂಧ ಎಂದು ಒಬ್ಬರಾದರೂ ಕೇಳಬೇಕಿತ್ತು. ಯಾರೂ ಕೇಳಲಿಲ್ಲ. ಮನೆಯಲ್ಲಿ ಕಣ್ಣೀರು ಬಿದ್ದರೆ ಸತ್ತವರಿಗೆ ಅಲ್ಲಿ ಶಾಂತಿ ಇರುವುದಿಲ್ಲವೇನೋ ಎಂದು ನಮ್ಮವ್ವನೇ ಒಂದು ಕಾರಣವನ್ನೂ ಹೊಂದಿಸಿಕೊಟ್ಟಳು. ಹೊನ್ನೂರಮ್ಮ ಹೂಂ ಎಂದು ತಲೆ ಆಡಿಸಿದಳು. ಗಂಟಲಿಗೆ ಬಂದಿದ್ದುದನ್ನು ನುಂಗಿದಳು. ಆಮೇಲೆ ನಮ್ಮವ್ವನ ಕೈ ಹಿಡಿದು, "ಅಕ್ಕಾ, ಈ ಮಾತು ಮಾಬಿಗೆ ಗೊತ್ತಾಗಬಾರ್ದು. ಯಾರೂ ಹೇಳಬ್ಯಾಡ್ರಿ" ಎಂದಳು. ನನ್ನ ಕಡೆಗೂ ನೋಡಿದಳು. ಸಣ್ಣ ಹುಡುಗಿ, ಸುಮ್ಮನೆ ಹೆದರಿಕೊಳ್ಳುತ್ತದೆ ಎಂದಿರಬೇಕು ಅಂದುಕೊಂಡು ನಾವು ಒಪ್ಪಿಕೊಂಡೆವು.

ಗಂಡ ಸತ್ತ ಹೆಂಗಸು ಅವರಲ್ಲಿ ಕೆಲವು ತಿಂಗಳು ಇದ್ದತ್ತು ಕೂರುತ್ತಾಳೆ, ಹೊಸ್ತಿಲು ದಾಟುವುದಿಲ್ಲ. ಹೊರಗೆ ಹೋಗುವಂತಿಲ್ಲ, ಒಳಗೆ ಅಳುವಂತಿಲ್ಲ. ಹೇಗಿದ್ದಳೋ! ಒಲೆಯ ಮುಂದೆ ಕೂತು ಕಣ್ಣು ತುಂಬಿದರೆ ಹೊಗೆ ಎಂದು ಬೇಗ ಸೆರಗಿನಿಂದ ಒರೆಸಿಕೊಳ್ಳುತ್ತಿದ್ದಳು. ಆ ದಿನಗಳು ಮುಗಿದ ಮರುದಿನವೇ ನಮ್ಮವ್ವ ಹೋಗಿ, "ನಿಮ್ ಮನ್ಯಾಗ ಅಳಬಾರ್ದು ಅಂದ್ರ ನಮ್ ಮನಿಗೆ ಬಾ. ಬಾಗಿಲಾ ಹಾಕ್ಕೊಂಡು ಅಡಿಗಿ ಮನ್ಯಾಗ ಕುಂತು ಅತ್ತುಬಿಡು" ಎಂದು ಕರೆದಳು.

ಬಂದಳು. ಅಡಿಗೆ ಮನೆಯಲ್ಲಿ ಕೂತಳು. ಅವ್ವ ನನ್ನನ್ನು ಹೊರಗೆ ದಬ್ಬಿ ಬಾಗಿಲು ಎಳೆದಳು. ನಾನು ಬಾಗಿಲಿಗೆ ಕಿವಿ ಹಚ್ಚಿ ನಿಂತೆ. ಬಹಳ ಹೊತ್ತು ಏನೂ ಕೇಳಲಿಲ್ಲ. ಆಮೇಲೆ ಚಹಾದ ಲೋಟದ ಸದ್ದು. ಆಮೇಲೆ ಹೊನ್ನೂರಮ್ಮನ ದನಿ: "ಬ್ಯಾಡಕ್ಕ. ನಿಮ್ದೂ ಮನಿನ ಅಲ್ಲೇನು? ಮಕ್ಳಿರೋ ಮನಿ, ನನ್ ಕಣ್ಣೀರು ಇಲ್ಲಿ ಯಾಕ ಚೆಲ್ಲಲಿ? ಆ ದೇವ್ರು ಸಬರ್ ಕೇಳ್ಯಾನ, ಕೊಡ್ತೀನಿ." ಚಹಾ ಕುಡಿದು ಎದ್ದು ಹೋದಳು. ಅತ್ತವಳು ನಮ್ಮವ್ವ.

ಮುಂದೆ ಹೊಟ್ಟೆಪಾಡು. ಹೆಂಗಸರು ಬಿಲ್ಲು ಹಿಡಿಯುವುದು ಅವರಲ್ಲಿ ರೂಢಿಯಿರಲಿಲ್ಲ, ಹೊಲಿಗೆಯಷ್ಟೇ. ಅವರ ಹಿರಿಯರು ಒಬ್ಬಿಬ್ಬರು ಮುಖ ಗಂಟಿಕ್ಕಿದರು. ಹೊನ್ನೂರಮ್ಮ ಯಾರಿಗೂ ಎದುರು ಮಾತಾಡದೆ ಮೌಲಪ್ಪನ ಬಿಲ್ಲನ್ನು ಅಂಗಳದ ತೊಲೆಗೆ ಕಟ್ಟಿ ಹಿಂಜಲು ಕೂತಳು. ಮೊದಮೊದಲು ಕೈಯೆಲ್ಲ ಗುಳ್ಳೆ. ತಂತಿ ಕಿತ್ತುಹೋಗುತ್ತಿತ್ತು. ಕಿತ್ತಾಗೆಲ್ಲ ತನಗೆ ತಾನೇ "ಸಬರ್" ಎಂದು ಮತ್ತೆ ಬಿಗಿಯುತ್ತಿದ್ದಳು. ಗೋಡೆಯ ಈಚೆ ಓದುತ್ತ ಕೂತ ನನಗೆ ಆ ಮಾತು ಕೇಳಿದರೆ ಸಿಟ್ಟು ಬರುತ್ತಿತ್ತು. ಎದ್ದು ಹೋಗಿ ಅವಳ ಜೊತೆ ಹತ್ತಿ ಬಿಡಿಸುತ್ತಿದ್ದೆ. "ಯಾಕಷ್ಟು ಸಬರ್ ಚಿಗವ್ವ? ಒಂದ್ ಸರ್ತಿ ಆ ದೇವ್ರಿಗೆ ಬೈದುಬಿಡು" ಎಂದರೆ, "ಥೂ ಹುಚ್ಚಿ, ಆತನ್ನ ಬೈದು ಯಾರ ಹತ್ರ ಹೋಗ್ಲಿ ನಾನು?" ಎನ್ನುತ್ತಿದ್ದಳು.

ಆಕೆಯನ್ನು ನಿಜವಾಗಿ ಸುಟ್ಟಿದ್ದು ಬೇರೆ. ಮಾಬಿ ಕುರುಗೋಡಿನಿಂದ ಮರಳಿ ಬಂದಾಗ, ಓಣಿಯ ಹೆಂಗಸರ ಬಾಯಿಗೆ ಬೀಗವಿರುತ್ತದೆಯೇ, "ನಿಮ್ಮವ್ವ ಒಂದ್ ಹನಿ ಕಣ್ಣೀರು ಹಾಕ್ಲಿಲ್ಲ ನೋಡು" ಎಂದು ಅವಳ ಕಿವಿಗೆ ಹಾಕಿದರು. ಹುಡುಗಿ ತಾಯಿಯನ್ನು ಗಮನಿಸತೊಡಗಿತು. ಅಪ್ಪನ ಅಂಗಿ ಕಂಡರೆ ಮಾಬಿ ಅಳುತ್ತಿದ್ದಳು. ತಾಯಿ ಅವಳ ತಲೆ ಸವರುತ್ತ ಒಣಗಣ್ಣಲ್ಲಿ ಕೂತಿರುತ್ತಿದ್ದಳು. ಅಳಬೇಡ ಎಂದು ಮಾತ್ರ ಒಂದು ದಿನವೂ ಹೇಳಲಿಲ್ಲ. ಅದು ಆಗ ನನಗೆ ವಿಚಿತ್ರವಾಗಿ ಕಂಡಿತ್ತು.

ದೊಡ್ಡವಳಾಗುತ್ತ ಮಾಬಿಯ ಅಳು ನಿಂತು ಮುನಿಸು ಬೆಳೆಯಿತು. ಮಾತಿಗೆ ಮಾತು ಬಂದ ಒಂದು ದಿನ ಅಂಗಳದಲ್ಲಿ ಎಲ್ಲರೂ ಕೇಳುವ ಹಾಗೆ, "ನಿನ್ ಎದಿಯಾಗ ಏನೂ ಇಲ್ಲ, ಬರೇ ಹತ್ತಿ ತುಂಬೈತಿ. ಅಪ್ಪ ಸತ್ರ ನಿನಗೇನೂ ಆಗ್ಲಿಲ್ಲ" ಎಂದಳು. ಹೊನ್ನೂರಮ್ಮನ ಕೈಯಲ್ಲಿನ ಸೂಜಿ ಅಷ್ಟಕ್ಕೇ ನಿಂತಿತು. ಆಮೇಲೆ ಮತ್ತೆ ಹೊಲಿದಳು. ನಾನು ಬಾಯಿ ತೆಗೆಯಲು ಹೋದೆ. ನಮ್ಮವ್ವ ಗೋಡೆಯ ಮೇಲಿಂದ ಕಣ್ಣು ಕೆಕ್ಕರಿಸಿ ನನ್ನನ್ನು ಸುಮ್ಮನಾಗಿಸಿದಳು. ಕೊಟ್ಟ ಮಾತು ಎಂದರೆ ಅವ್ವನಿಗೆ ಲಿಂಗ ಮುಟ್ಟಿದಷ್ಟೇ ಗಟ್ಟಿ.

ಎಂಬತ್ತೆರಡರಲ್ಲಿ ಮಾಬಿಗೆ ಬಳ್ಳಾರಿಯ ಕೌಲ್ ಬಜಾರಿನಲ್ಲಿ ಗಂಡು ಗೊತ್ತಾಯಿತು. ಹುಡುಗ ಬಂದೇನವಾಜ, ಟೈಲರು. ಅವರೂ ಪಿಂಜಾರರೇ, ಆದರೆ ಎರಡು ತಲೆಮಾರಿನಿಂದ ಪೇಟೆಯಲ್ಲಿದ್ದು ಮನೆಯಲ್ಲಿ ಉರ್ದು ಆಡುತ್ತಿದ್ದರು. ಬೀಳ್ಕೊಡುವಾಗ ಮಾಬಿ ನಮ್ಮವ್ವನನ್ನು ತಬ್ಬಿಕೊಂಡು ಅತ್ತಳು, ನನ್ನನ್ನು ತಬ್ಬಿಕೊಂಡು ಅತ್ತಳು. ತಾಯಿಯ ಮುಂದೆ ಒಂದು ಗಳಿಗೆ ನಿಂತು ಆಕೆಯ ಕಣ್ಣನ್ನೇ ನೋಡಿದಳು. ಏನನ್ನು ಹುಡುಕುತ್ತಿದ್ದಳೋ ಅದು ಅಲ್ಲಿ ಸಿಗಲಿಲ್ಲ. ಸುಮ್ಮನೆ ಜಟಕಾ ಹತ್ತಿದಳು. ಆಮೇಲೆ ತವರಿಗೆ ಬಂದದ್ದು ಹಬ್ಬಕ್ಕೊಮ್ಮೆ, ಬಂದರೂ ನಿಂತ ಕಾಲಲ್ಲಿ. ಹೊನ್ನೂರಮ್ಮ ಕೈಯಿಂದ ಜಾರಿಹೋದ ಮಗಳ ಬಗ್ಗೆಯೂ ಯಾರ ಹತ್ತಿರವೂ ಹೇಳಿಕೊಳ್ಳಲಿಲ್ಲ. ಮಗಳ ಮನೆಗೆಂದು ಒಂದು ಗಾದಿ ಹೊಲಿದಳು. ಅಂಥ ಗಾದಿಯನ್ನು ನಾನು ಮತ್ತೆಲ್ಲೂ ಕಂಡಿಲ್ಲ, ಒಂದು ಗಂಟಿಲ್ಲ.

ಅಷ್ಟರಲ್ಲಿ ನನಗೆ ಬಳ್ಳಾರಿಯಲ್ಲಿ ಶಾಲೆಯ ಕೆಲಸ ಸಿಕ್ಕಿ ಅಲ್ಲೇ ಕೋಣೆ ಮಾಡಿಕೊಂಡಿದ್ದೆ. ಮಾಬಿಯ ಮದುವೆಯಾದ ಎರಡು ವರ್ಷದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಹೊನ್ನೂರಮ್ಮ ನನ್ನ ಬಾಗಿಲಲ್ಲಿ ನಿಂತಿದ್ದಳು. ಮಾಬಿಗೆ ದಿನ ತುಂಬುವ ಮೊದಲೇ ಗಂಡು ಮಗು ಹುಟ್ಟಿ, ಒಂದು ವಾರ ಉಸಿರಾಡಿ, ಹಿಂದಿನ ದಿನ ಹೋಗಿಬಿಟ್ಟಿತ್ತು. ಸುದ್ದಿ ಸಿಕ್ಕ ಕೂಡಲೆ ಮೊದಲ ಬಸ್ಸು ಹಿಡಿದು ಬಂದಿದ್ದಳು.

"ಮನಿ ದಾರಿ ಗೊತ್ತಾಗಂಗಿಲ್ಲ ವಿರೂಪಮ್ಮ, ನೀ ಬಾ" ಎಂದಳು. ಸ್ವಲ್ಪ ತಡೆದು, "ಆಕಿ ನನ್ನ ಒಳಗ ಕರೀತಾಳೋ ಇಲ್ಲೋ" ಎಂದಳು. ಹೊನ್ನೂರಮ್ಮ ಹೆದರಿದ್ದನ್ನು ನಾನು ಕಂಡದ್ದು ಅದೇ ಮೊದಲು. ಬಾಗಿಲಿಗೆ ಬೀಗ ಹಾಕಿ ಆಕೆಯ ಜೊತೆ ಹೊರಟೆ.

ಮಾಬಿಯ ಅತ್ತೆ ಸಕೀನಬಿ ಬಾಗಿಲಿಗೆ ಬಂದು ಬೀಗಿತಿಯ ಕೈ ಹಿಡಿದು ಒಳಗೆ ಕರೆದರು. ಮೂಲೆಯಲ್ಲಿ ಮಾಬಿ ಮುದುರಿ ಮಲಗಿದ್ದಳು. ತಾಯಿಯನ್ನು ಕಂಡು ಮುಖ ಗೋಡೆಯ ಕಡೆ ತಿರುಗಿಸಿದಳು. ಹೊನ್ನೂರಮ್ಮ ಹತ್ತಿರ ಕೂತು ಅವಳ ತಲೆಯನ್ನು ತೊಡೆಯ ಮೇಲೆ ಎಳೆದುಕೊಂಡಳು. ಮಾಬಿ ತಡೆಯಲಿಲ್ಲ. ಬಿಕ್ಕಿ ಬಿಕ್ಕಿ ಅತ್ತಳು. ಸಕೀನಬಿ ಅತ್ತರು, ನಾನೂ ಅತ್ತೆ. ಹೊನ್ನೂರಮ್ಮ ಮಗಳ ಬೆನ್ನು ಸವರುತ್ತಿದ್ದಳು. ಬಾಯಿ ಬಿಗಿದು, ಕಣ್ಣು ಕೆಂಪಾಗಿ, ಕೊರಳ ನರ ಉಬ್ಬಿ ನಿಂತಿತ್ತು. ಹನಿ ಮಾತ್ರ ಬೀಳಲಿಲ್ಲ.

ಮಾಬಿ ತಲೆ ಎತ್ತಿ ನೋಡಿದಳು. ನೋಡಿದವಳು ದೂರ ಸರಿದಳು.

"ನನ್ ಕೂಸಿಗೂ ನಿನ್ ಕಣ್ಣಾಗ ನೀರಿಲ್ಲೇನು?" ಎಂದಳು. "ಹೋಗವ್ವ ನೀನು. ಊರಿಗೆ ಹೋಗು. ನನಗ ಯಾವ ತಾಯಿನೂ ಬ್ಯಾಡ."

ಹೊನ್ನೂರಮ್ಮ ನಿಜವಾಗಿಯೂ ಏಳಲು ನೆಲಕ್ಕೆ ಕೈ ಊರಿದಳು. ನನ್ನ ತಲೆ ಕೆಟ್ಟುಹೋಯಿತು. ಕೊಟ್ಟ ಮಾತು ಹಾಳಾಗಿ ಹೋಗಲಿ ಎಂದು ಬಾಯಿಬಿಟ್ಟೆ. ಅದಕ್ಕೆ ನನಗೆ ಇವತ್ತಿಗೂ ಬೇಜಾರಿಲ್ಲ.

"ಏ ಮಾಬಿ, ನಿಮ್ಮವ್ವಗ ಅಳು ಬರಂಗಿಲ್ಲ ಅಂತ ತಿಳ್ದಿಯೇನು? ಹಜರತ್ತು ಹೇಳ್ಯಾರ, ಮನ್ಯಾಗ ಅಳಬಾರ್ದು ಅಂತ. ಅದಕ್ಕ ಅವತ್ತಿನಿಂದ ನುಂಗ್ಕೊಂಡು ಕುಂತಾಳ ಆಕಿ!"

"ಮನ್ಯಾಗ ಅಳಬಾರ್ದಾ?" ಮಾಬಿ ನನ್ನನ್ನೂ ತಾಯಿಯನ್ನೂ ನೋಡಿದಳು. "ಯಾವ ಹಜರತ್ತು? ಏನಂದ್ರು?"

ಹೊನ್ನೂರಮ್ಮ ನನ್ನ ಕಡೆ ಬೇಸರದಿಂದ ನೋಡಿದಳು. ಆಮೇಲೆ ತಲೆ ತಗ್ಗಿಸಿ, ನಮಾಜಿನ ಮಾತು ಒಪ್ಪಿಸುವ ಹಾಗೆ, ಒಂದಕ್ಷರ ಹಾಳಾಗದಂತೆ ಹೇಳಿದಳು: "ಸಬರ್ ಕರೋ ಬೇಟಿ. ರೋನಾ ಮನಾ ನೈ."

ಉರ್ದು ಮಾತಿನ ಮನೆಯಲ್ಲಿ ಎರಡು ವರ್ಷ ಬಾಳಿದ್ದ ಮಾಬಿ ಅಲುಗಾಡದೆ ಕೂತಳು. ಅವಳ ದನಿ ಬಹಳ ಸಣ್ಣಗೆ ಬಂತು.

"ಅವ್ವಾ, ಮನಾ ಅಂದ್ರ ಮನಿ ಅಲ್ಲ. ಮನಾ ಅಂದ್ರ ಬ್ಯಾಡ ಅನ್ನೋದು. ರೋನಾ ಮನಾ ನೈ ಅಂದ್ರ... ಅಳಬ್ಯಾಡ ಅಂತ ಯಾರೂ ಅಂದಿಲ್ಲ ಅಂತ. ಅಳು ಅಂತ ಹೇಳ್ಯಾರವ್ವ ಅವ್ರು ನಿನಗ."

ಹೊನ್ನೂರಮ್ಮನಿಗೆ ಅದು ಒಳಗಿಳಿಯಲು ಹೊತ್ತು ಹಿಡಿಯಿತು. ಮಗಳ ಮುಖ ನೋಡಿದಳು, ಬೀಗಿತಿಯ ಮುಖ ನೋಡಿದಳು. "ಮತ್ತ ಸಬರ್ ಅಂದ್ರಲ್ಲ?" ಎಂದಳು.

ಸಕೀನಬಿ ಅವಳ ಹತ್ತಿರ ಸರಿದರು. ಅವರ ಕನ್ನಡ ತಡವರಿಸುತ್ತಿತ್ತು, ಮನಸ್ಸು ತಡವರಿಸುತ್ತಿರಲಿಲ್ಲ. "ಸಬರ್ ಅಂದ್ರ ಕಣ್ಣೀರು ಹಿಡ್ಕೊಳ್ಳೋದು ಅಲ್ಲರಿ. ಅಲ್ಲಾನ ಮ್ಯಾಲ ಕೆಟ್ಟ ಮಾತು ಬಾಯಾಗ ಬರಬಾರ್ದು, ಅಷ್ಟ. ನಮ್ ಪೈಗಂಬರರ ಸಣ್ಣ ಮಗ ಹೋದಾಗ ಅವ್ರೂ ಅತ್ರು. ಕೂಸಿನ್ನ ಕೈಯಾಗ ಹಿಡ್ಕೊಂಡು ಅತ್ರು. ಇದೇನು ನೀವೂ ಅಳ್ತೀರಾ ಅಂತ ಕೇಳಿದ್ರ, ಇದು ಕರುಣಾ ಅಂದ್ರಂತ."

"ಅವ್ರೂ ಅತ್ರಾ?" ಎಂದಳು ಹೊನ್ನೂರಮ್ಮ.

"ಅತ್ರು."

"ಹಂಗಂದ್ರ ನಾನೂ ಅಳಬೌದಿತ್ತಾ?"

ಆಕೆ ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡು, ದಾರಿ ತಪ್ಪಿದ ಮಗುವಿನ ಹಾಗೆ ಮಗಳನ್ನೇ ಕೇಳಿದಳು: "ಮೊದ್ಲ ಯಾರಿಗೆ ಅಳ್ಲವ್ವ ನಾನು? ಕೂಸಿಗೋ, ನಿಮ್ಮಪ್ಪಗೋ?"

ಮಾಬಿ ಉತ್ತರ ಕೊಡುವ ಮೊದಲೇ ಬಂತು ಅಳು. ಅದನ್ನು ಹೇಗೆ ಹೇಳಲಿ? ಮೊದಲು ಸದ್ದೇ ಇರಲಿಲ್ಲ, ಮೈ ಮಾತ್ರ ನಡುಗುತ್ತಿತ್ತು. ಆಮೇಲೆ ದನಿ ಬಂತು. "ಮೌಲಾ" ಎಂದು ಕೂಗಿದಳು. ಅದು ದೇವರ ಹೆಸರೂ ಹೌದು, ಗಂಡನ ಹೆಸರೂ ಹೌದು, ಯಾರನ್ನು ಕರೆದಳೋ ನನಗೆ ತಿಳಿಯದು. ಮಾಬಿ ಆಕೆಯ ಸೊಂಟವನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದುಕೊಂಡಿದ್ದಳು. ಸಕೀನಬಿ ಒಳಗಿನಿಂದ ಒಂದು ಚೊಂಬು ನೀರು ತಂದು, ಕೊಡದೆ, ಹಾಗೆಯೇ ಹಿಡಿದು ನಿಂತಿದ್ದರು.

ಬಹಳ ಹೊತ್ತಿನ ಮೇಲೆ ನೀರು ಕುಡಿದು, ಮುಖ ತೊಳೆದು ಕೂತಳು. ನನಗೆ ಮಾತ್ರ ಹೊಟ್ಟೆಯ ಉರಿ ಆರಿರಲಿಲ್ಲ. "ಆ ಎರ್ರಣ್ಣನ ಉರ್ದುಕ್ಕ ಬೆಂಕಿ ಹಾಕ! ನಮ್ಮವ್ವನೂ ಅದಾಳ, ದೊಡ್ಡ ಶಾಣ್ಯಾಕಿ. ಇಷ್ಟು ವರ್ಷ ದಂಡ ಆತಲ್ಲ ಚಿಗವ್ವ!" ಎಂದೆ.

ಹೊನ್ನೂರಮ್ಮ ಒದ್ದೆ ಮುಖದಲ್ಲೇ ನಕ್ಕಳು. "ದಂಡ ಯಾಕ ಅಕ್ಕೈತಿ? ಆ ದೇವ್ರು ಕೇಳಿದ್ದಿಲ್ಲ, ನಾನ ಕೊಟ್ಟೀನಿ. ಎಲ್ಲಿಗೆ ಹೋಗ್ತೈತಿ, ಇಟ್ಕೊಂಡಿರ್ತಾನ ಬಿಡು." ಎರ್ರಣ್ಣನನ್ನು ಬೈಯಬಾರದೆಂದು ನನಗೇ ಬುದ್ಧಿ ಹೇಳಿದಳು.

ಮಾಬಿ ಅಷ್ಟು ಹೊತ್ತೂ ತಾಯಿಯ ಕೈಯ ಗಡಸು ಬೆರಳುಗಳನ್ನು ಒಂದೊಂದಾಗಿ ಮುಟ್ಟುತ್ತ ಕೂತಿದ್ದಳು. "ನನಗರ ಒಂದ್ ಮಾತು ಹೇಳಬಾರ್ದಿತ್ತೇನವ್ವ?" ಎಂದಳು. "ಕಲ್ಲು ಮನಸಿನಾಕಿ ಅಂತ ಎಷ್ಟಂದೀನಿ ನಿನಗ. ಎಲ್ಲಾ ಅನಿಸ್ಕೊಂಡು ಸುಮ್ನ ಇದ್ದೆಲ್ಲ, ಯಾಕ ಹೇಳ್ಲಿಲ್ಲ?"

"ಹೆಂಗ ಹೇಳ್ಲಿ?" ಎಂದಳು ಹೊನ್ನೂರಮ್ಮ. "ಹೇಳಿದ್ರ ನೀನೂ ಬಾಯಿ ಮುಚ್ಕೊಂಡು ಕುಂಡ್ರತಿದ್ದಿ. ನಿಮ್ಮಪ್ಪಗಂತ ಒಬ್ರರ ಅಳಬೇಕಿತ್ತಲ್ಲ ನಮ್ ಮನ್ಯಾಗ."

ಮಾಬಿ ತಾಯಿಯ ಕೊರಳಿಗೆ ಬಿದ್ದಳು.